ನೂರು ಸಹಿ, ಒಂದು ಧ್ವನಿವರ್ಧಕ: ನಮ್ಮ ಗ್ರಾಮಸಭೆ ಎಂಬ ಸೇವೆಯ ವಿಮರ್ಶೆ

ಹೋಟೆಲಿನ ದೋಸೆಗೂ ಮೊಬೈಲ್ ರಿಪೇರಿ ಅಂಗಡಿಗೂ ತಪ್ಪದೆ ವಿಮರ್ಶೆ ಬರೆಯುವ ನಾವು, ವರ್ಷಕ್ಕೆ ಎರಡು ಬಾರಿಯಾದರೂ ನಮ್ಮ ಹೆಸರಿನಲ್ಲಿ, ನಮ್ಮದೇ ಕಂದಾಯದ ಹಣದಲ್ಲಿ ನಡೆಯುವ ಒಂದು ಸೇವೆಯ ಬಗ್ಗೆ ಮಾತ್ರ ಜಗಲಿಯಲ್ಲಿ ಕುಳಿತು ಗೊಣಗಿ ಸುಮ್ಮನಾಗುತ್ತೇವೆ. ನಾನು ಹೇಳುತ್ತಿರುವುದು ಗ್ರಾಮಸಭೆಯ ವಿಷಯ. ದಕ್ಷಿಣ ಕೊಡಗಿನ ಒಂದು ಪಂಚಾಯಿತಿಯಲ್ಲಿ ಮೂರೂವರೆ ಎಕರೆ ರೋಬಸ್ಟಾ ಕಾಫಿ ತೋಟ ಇಟ್ಟುಕೊಂಡಿರುವ ನಾನು, ಎರಡು ವರ್ಷಗಳಲ್ಲಿ ನಡೆದ ನಾಲ್ಕು ಗ್ರಾಮಸಭೆಗಳಲ್ಲಿ ಪ್ರಾರ್ಥನೆಯಿಂದ ವಂದನಾರ್ಪಣೆಯವರೆಗೆ ಕುಳಿತಿದ್ದೇನೆ. ಪಂಚಾಯಿತಿಯ ಹೆಸರನ್ನು ಬರೆಯುವುದಿಲ್ಲ. ಜಿಲ್ಲೆಯ ಸುಮಾರು ನೂರು ಪಂಚಾಯಿತಿಗಳಲ್ಲಿ ಯಾವುದಕ್ಕೆ ಹೋದರೂ ಓದುಗರಿಗೆ ಇದೇ ಪ್ಲಾಸ್ಟಿಕ್ ಕುರ್ಚಿ, ಇದೇ ಉಪ್ಪಿಟ್ಟು ಸಿಗಬಹುದು. ಐದರಲ್ಲಿ ನಕ್ಷತ್ರ ಕೊಡಲೇಬೇಕೆಂದರೆ ಎರಡನೆಯ ಸಭೆಗೆ ಒಂದೂವರೆ, ಮೂರನೆಯದಕ್ಕೆ ಮೂರೂವರೆ. ಊರು ಒಂದೇ, ಜನ ಅವರೇ ಆಗಿದ್ದೂ ಎರಡು ನಕ್ಷತ್ರಗಳ ಅಂತರ ಹೇಗೆ ಬಂತೆಂಬುದೇ ಈ ಬರಹಕ್ಕೆ ಕಾರಣ.

ಸೇವೆಯ ಭರವಸೆಯನ್ನು ಮೊದಲು ನೋಡಬೇಕು. ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. ನೀರಸಾಬ್ ಎಂದು ಜನ ಈಗಲೂ ನೆನೆಯುವ, ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್‌ಸಾಬ್ ಅವರ ಮುತುವರ್ಜಿಯಿಂದ 1983ರಲ್ಲೇ ಇಲ್ಲಿ ಪಂಚಾಯತ್ ಕಾಯ್ದೆಯೊಂದು ರೂಪುಗೊಂಡಿತ್ತು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಗ್ರಾಮಸಭೆಗೆ 243ಎ ವಿಧಿಯ ಆಸರೆ ಸಿಕ್ಕಿತು, ಅದೇ ವರ್ಷ ರಾಜ್ಯದ ಹೊಸ ಕಾಯ್ದೆಯೂ ಬಂತು. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಹಾಜರಾತಿ (ಕೋರಂ) ಇರಬೇಕು. ಹಾಜರಾದವರಲ್ಲಿ ಶೇಕಡ 30ರಷ್ಟು ಮಹಿಳೆಯರಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರು ತಮ್ಮ ಜನಸಂಖ್ಯೆಗೆ ತಕ್ಕಷ್ಟು ಇರಬೇಕು. ಮನೆ ಯಾರಿಗೆ, ನಿವೇಶನ ಯಾರಿಗೆ, ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಯಾವ ರಸ್ತೆ ಎಂಬುದೆಲ್ಲ ಇಲ್ಲಿ ತೀರ್ಮಾನವಾಗಬೇಕು. ವಿಧಾನಸಭೆಗೆ ಒಬ್ಬರನ್ನು ಕಳುಹಿಸಿ ನಾವು ಐದು ವರ್ಷ ಮನೆಯಲ್ಲಿರುತ್ತೇವೆ; ಗ್ರಾಮಸಭೆಯಲ್ಲಾದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಸದಸ್ಯರೇ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಮೂರು ವಿಧಾನಸಭಾ ಕ್ಷೇತ್ರಗಳು ಎರಡಕ್ಕಿಳಿದ, ಲೋಕಸಭೆಗೆ ಮಂಗಳೂರಿನ ಜೊತೆಗಿದ್ದದ್ದು ಮೈಸೂರಿನ ಜೊತೆಗೆ ಹೋದ ಕೊಡಗಿನಂಥ ಸಣ್ಣ ಜಿಲ್ಲೆಗೆ ಈ ನೇರ ಸದಸ್ಯತ್ವದ ಬೆಲೆ ಇನ್ನಷ್ಟು ಹೆಚ್ಚು.

ಇನ್ನು ಸೇವೆ ಕೈಗೆ ಸಿಕ್ಕ ರೀತಿ. ಮೊದಲ ಸಭೆಯನ್ನು ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದರು. ಕಾಫಿ ಕುಯ್ಲಿನ ನಟ್ಟನಡುವೆ ವಾರದ ದಿನ ಹನ್ನೊಂದು ಗಂಟೆಗೆ ಸಭೆ ಕರೆದರೆ ಬರುವವರು ಯಾರೆಂದು ಕರೆದವರಿಗೂ ಗೊತ್ತು: ಕೂಲಿ ಕಳೆದುಕೊಳ್ಳುವ ಭಯವಿಲ್ಲದವರು, ಅಂದರೆ ತೋಟದ ಮಾಲೀಕರು, ಗುತ್ತಿಗೆದಾರರು, ನಿವೃತ್ತರು. ತೋಟದ ಕೂಲಿಕಾರರ ಸಾಲುಮನೆಯಾದ ಲೈನ್‌ಮನೆಯ ಹೆಂಗಸು ಆ ದಿನ ಸಭೆಗೆ ಬಂದರೆ ತೂಕದ ಲೆಕ್ಕದಲ್ಲಿ ಸಿಗುವ ಒಂದು ದಿನದ ಕುಯ್ಲಿನ ಹಣ ಹೋಯಿತು. ಕಾನೂನು ಎಲ್ಲರಿಗೂ ಬಾಗಿಲು ತೆರೆದಿದ್ದರೂ ಗಡಿಯಾರವೇ ಅರ್ಧ ಊರನ್ನು ಹೊರಗಿಟ್ಟಿತು. ಕಾರ್ಯಸೂಚಿಯನ್ನು ಪಂಚಾಯಿತಿಯ ಸೂಚನಾ ಫಲಕಕ್ಕೆ ಅಂಟಿಸಿದ್ದು ಹಿಂದಿನ ದಿನ ಸಂಜೆ. ಆ ಸಭೆಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವಂಥದ್ದಿಲ್ಲ.

ಎರಡನೆಯ ಸಭೆ ಜುಲೈನಲ್ಲಿ, ಸಮುದಾಯ ಭವನದಲ್ಲಿ. ಜುಲೈ ಎಂದರೆ ನಮ್ಮಲ್ಲಿ ಮಳೆ, ಸಮುದಾಯ ಭವನವೆಂದರೆ ತಗಡಿನ ಶೀಟು. ಮಳೆ ಜೋರಾದಾಗಲೆಲ್ಲ ಮಾತು ನಿಲ್ಲುತ್ತಿತ್ತು, ಕರೆಂಟ್ ಹೋದಾಗ ಧ್ವನಿವರ್ಧಕವೂ ನಿಲ್ಲುತ್ತಿತ್ತು. ಬಾಗಿಲಲ್ಲಿ ಹಾಜರಾತಿ ಪುಸ್ತಕ ಹಿಡಿದು ಕುಳಿತಿದ್ದ ಬಿಲ್ ಕಲೆಕ್ಟರ್ ಎದುರು ನಿಂತು ನಾನು ಹತ್ತು ನಿಮಿಷ ನೋಡಿದೆ. ಒದ್ದೆ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಜನ ಸಹಿ ಹಾಕುತ್ತಿದ್ದರು. ಕೊಡೆಯ ತುದಿಯಿಂದ ಇಳಿದ ನೀರಿಗೆ ಹಿಂದಿನ ನಾಲ್ಕು ಸಹಿಗಳು ಹರಡಿ ನೀಲಿಯಾಗಿದ್ದವು. ಸಹಿ ಹಾಕಿದವರಲ್ಲಿ ಮೂರರಲ್ಲೊಂದು ಪಾಲು ಒಳಗೆ ಹೋಗದೆ ಎದುರಿನ ಕ್ಯಾಂಟೀನಿಗೆ ಹೋದರು. ನೂರನೆಯ ಸಹಿ ಬಿದ್ದ ಕೂಡಲೇ ಬಿಲ್ ಕಲೆಕ್ಟರ್ ಒಳಕ್ಕೆ ನೋಡಿ ತಲೆಯಾಡಿಸಿದರು, ಒಳಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಕೋರಂ ಆಯಿತು.

ಈ ನೂರರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಫ್ರಾನ್ಸಿನ ಕಾಂಡೋರ್ಸೆ ಎಂಬ ಗಣಿತಜ್ಞ 1785ರಲ್ಲೇ ಒಂದು ಲೆಕ್ಕ ತೋರಿಸಿದ್ದ. ಒಬ್ಬೊಬ್ಬರ ತೀರ್ಮಾನವೂ ತಪ್ಪಾಗುವುದಕ್ಕಿಂತ ಸರಿಯಾಗುವ ಸಂಭವ ಕೊಂಚ ಹೆಚ್ಚಿದ್ದರೆ, ಜನ ಹೆಚ್ಚಿದಂತೆ ಬಹುಮತದ ತೀರ್ಮಾನ ಸರಿಯಾಗುವ ಸಂಭವ ಏರುತ್ತಲೇ ಹೋಗುತ್ತದೆ. ಆದರೆ ಆ ಲೆಕ್ಕಕ್ಕೊಂದು ಷರತ್ತಿದೆ: ಪ್ರತಿಯೊಬ್ಬರೂ ತಮ್ಮ ತಲೆಯಿಂದಲೇ ಯೋಚಿಸಿರಬೇಕು. ಒಂದೇ ಬಾಯಿಂದ ಬಂದ ಮಾತನ್ನು ನೂರು ಮಂದಿ ಹೊತ್ತು ತಂದರೆ ಅಲ್ಲಿರುವುದು ನೂರು ಅಭಿಪ್ರಾಯವಲ್ಲ, ಒಂದೇ. ನಮ್ಮ ಊರಿನ ಎರಡು ವಾಟ್ಸ್‌ಆ್ಯಪ್ ಗುಂಪುಗಳು, ಒಂದು ಪಕ್ಷಕ್ಕೆ ಒಂದರಂತೆ, ಸಭೆಯ ಹಿಂದಿನ ರಾತ್ರಿಯೇ ತಮ್ಮ ತಮ್ಮ ಕೆಲಸ ಮುಗಿಸಿದ್ದವು. ಬೆಳಿಗ್ಗೆ ಬಂದು ಕುಳಿತವರಲ್ಲಿ ಬಹಳ ಮಂದಿಯ ಜೇಬಿನಲ್ಲಿ ಒಂದೇ ಸಂದೇಶ, ಕಾಗುಣಿತದ ತಪ್ಪು ಸಹಿತ ಇತ್ತು. ಹಾಗಾಗಿ ಪುಸ್ತಕದಲ್ಲಿ ನೂರು ಸಹಿ ಇದ್ದರೂ ಕಾಂಡೋರ್ಸೆಯ ಲೆಕ್ಕದಲ್ಲಿ ಆ ದಿನ ನಾವು ಇದ್ದದ್ದು ಎರಡೂವರೆ ಜನ. ಆ ಅರ್ಧ ನಮ್ಮ ನೀರುಗಂಟಿ. ಅವರ ವಿಷಯಕ್ಕೆ ಈಗ ಬರುತ್ತೇನೆ.

ಆ ದಿನದ ಮೊದಲ ವಿಷಯ ಕುಡಿಯುವ ನೀರಿನ ಹೊಸ ಟ್ಯಾಂಕ್. ಅದು ತೋಡಿನ (ಹಳ್ಳದ) ಪಕ್ಕದ ವಾರ್ಡಿಗೆ ಬರಬೇಕೋ, ಶಾಲೆಯ ವಾರ್ಡಿಗೆ ಬರಬೇಕೋ ಎಂಬ ತಕರಾರು. ಇಲ್ಲಿ ಒಂದು ವಿವರಣೆ ಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗೆ ಮಾತ್ರ ಪಕ್ಷ. ಆದರೆ 2020ರ ಡಿಸೆಂಬರಿನ ಚುನಾವಣೆಯ ಫಲಿತಾಂಶ ಬಂದ ಮರುದಿನದ ಪತ್ರಿಕೆ ತೆಗೆದು ನೋಡಿದರೆ ಸಾಕು, ಪ್ರತಿ ಹೆಸರಿನ ಮುಂದೆಯೂ ‘ಬೆಂಬಲಿತ’ ಎಂಬ ಪದ ಇರುತ್ತದೆ. ಕಾನೂನು ಪಕ್ಷವನ್ನು ಮುಂಬಾಗಿಲಿನಿಂದ ಹೊರಗೆ ಕಳುಹಿಸಿತು, ಅದು ‘ಬೆಂಬಲಿತ’ ಎಂಬ ಹಿತ್ತಿಲ ಬಾಗಿಲಿನಿಂದ ಬಂದು ಒಳಗೆ ಕುಳಿತಿದೆ. ತೋಡಿನ ವಾರ್ಡು ಒಂದು ಪಕ್ಷದ ಬೆಂಬಲಿತರದ್ದು, ಶಾಲೆಯ ವಾರ್ಡು ಇನ್ನೊಂದರದ್ದು. ಆದ್ದರಿಂದ ಮೊದಲ ಹತ್ತು ನಿಮಿಷ ನಿರೀಕ್ಷಿಸಿದಂತೆಯೇ ಕೂಗಾಟ ನಡೆಯಿತು.

ಆಮೇಲೆ ನೀರುಗಂಟಿ ಎದ್ದು ನಿಂತರು. ಇಪ್ಪತ್ತು ವರ್ಷಗಳಿಂದ ವಾಲ್ವ್ ತಿರುಗಿಸುತ್ತಿರುವ ಮನುಷ್ಯ, ಮಾತು ಕಡಿಮೆ. “ತೋಡಿನ ಹತ್ರ ಕಟ್ಟಿದ್ರೆ ಮೇಲಿನ ಲೈನಿಗೆ ನೀರು ಏರೋದಿಲ್ಲ, ಅಣ್ಣ. ಮೋಟಾರ್ ಎರಡು ಬೇಕು. ಕರೆಂಟ್ ಹೋದ ದಿನ ಯಾರಿಗೂ ಇಲ್ಲ. ಶಾಲೆ ಹಿಂದಿನ ದಿಣ್ಣೆ ಮೇಲೆ ಕಟ್ಟಿದ್ರೆ ತಾನಾಗೇ ಇಳೀತದೆ” ಎಂದರು. ತೋಡಿನ ವಾರ್ಡಿನ ಹಿರಿಯರೊಬ್ಬರು, “ನಮ್ಮ ಮನೆಗೆ ಬರ್ತದಾ ಹೇಳು, ಬೇರೆ ಮಾತು ಬೇಡ” ಎಂದು ಕೇಳಿದರು. “ನಿಮಗೇ ಮೊದಲು ಬರ್ತದೆ, ನೀವು ತಗ್ಗಲ್ಲಿದ್ದೀರಿ” ಎಂದು ಉತ್ತರ ಬಂತು. ಅಷ್ಟಕ್ಕೆ ಅವರು ಕುಳಿತರು. ಐದು ನಿಮಿಷದಲ್ಲಿ ತೋಡಿನ ವಾರ್ಡಿನವರೇ ಶಾಲೆಯ ದಿಣ್ಣೆಗೆ ಒಪ್ಪಿ ಕೈ ಎತ್ತಿದರು, ಸದಸ್ಯರೂ ವಿಧಿಯಿಲ್ಲದೆ ಎತ್ತಿದರು. ಎರಡು ಪಕ್ಷಗಳ ಜಗಳವನ್ನು ಗುರುತ್ವಾಕರ್ಷಣೆ ಬಗೆಹರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಸಾರ್ವಜನಿಕ ಚರ್ಚೆ ಎಂದು ದೊಡ್ಡ ಮಾತಿನಲ್ಲಿ ಹೇಳುವುದರ ಅತ್ಯುತ್ತಮ ಮಾದರಿ ನನ್ನ ಪಾಲಿಗೆ ಇಂದಿಗೂ ಅದೇ ಇಪ್ಪತ್ತು ನಿಮಿಷ.

ಎರಡನೆಯ ವಿಷಯ ನಿವೇಶನ. ಲೈನ್‌ಮನೆಗಳಲ್ಲಿ ತಲೆಮಾರುಗಳಿಂದ ಇರುವ, ಸ್ವಂತ ಸೂರಿಲ್ಲದ ಕುಟುಂಬಗಳಿಗೆ ಊರಿನ ಪೈಸಾರಿ ಜಾಗದಲ್ಲಿ ನಿವೇಶನ ಕೊಡಬೇಕೆಂಬ ಅರ್ಜಿಗಳ ಪಟ್ಟಿ. ಕೊಡಗಿನ ಹೊರಗಿನವರಿಗಾಗಿ ಒಂದು ಮಾತು: ಪೈಸಾರಿ ಎಂದರೆ ಸರ್ಕಾರಿ ಜಾಗ, ಆದರೆ ಅದರ ಅಂಚು ಎಲ್ಲಿ ಮುಗಿದು ತೋಟದ ಬೇಲಿ ಎಲ್ಲಿ ಆರಂಭವಾಗುತ್ತದೆ ಎಂಬುದು ಅನೇಕ ಕಡೆ ಸರ್ವೆಯರ್ ಬಂದಾಗ ಮಾತ್ರ ನೆನಪಾಗುವ ವಿಷಯ. ಒಂದು ಕಡೆಯವರ ನಂಬಿಕೆ, ಪಟ್ಟಿಯಲ್ಲಿರುವವರು ಈಚೆಗೆ ಬಂದ ಹೊರಗಿನವರು, ದಾಖಲೆ ಮಾಡಿಸಿಕೊಂಡಿದ್ದಾರೆ ಎಂದು. ಇನ್ನೊಂದು ಕಡೆಯವರ ನಂಬಿಕೆ, ವಿರೋಧಿಸುವವರೆಲ್ಲ ಪೈಸಾರಿ ಒತ್ತುವರಿ ಮಾಡಿದವರು, ಅದು ಬಯಲಾಗುತ್ತದೆಂಬ ಭಯಕ್ಕೆ ಕೂಗುತ್ತಿದ್ದಾರೆ ಎಂದು. ಎರಡನ್ನೂ ಕಾಗದ ಇಟ್ಟು ಪರೀಕ್ಷಿಸಬಹುದಿತ್ತು. ಪಡಿತರ ಚೀಟಿಯ ವರ್ಷ, ಮಕ್ಕಳ ಶಾಲಾ ದಾಖಲಾತಿ, ಸರ್ವೆ ನಕ್ಷೆ ಇವು ಯಾವುವೂ ರಹಸ್ಯವಲ್ಲ. ಆದರೆ ಒಂದು ಕಾಗದವೂ ಮೇಜಿನ ಮೇಲಿರಲಿಲ್ಲ. ನಲವತ್ತು ನಿಮಿಷ ಕೂಗಾಟ ನಡೆದು, ಸ್ವಲ್ಪ ಹೊತ್ತಿನ ಹಿಂದೆ ಟ್ಯಾಂಕಿನ ಮಾತಿಗೆ ಸರಳವಾಗಿ ಸೋತು ಕುಳಿತಿದ್ದ ಆ ಹಿರಿಯರೇ ಈಗ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು, ಕೊಡೆ ತೋರಿಸಿ ಮಾತನಾಡುತ್ತಿದ್ದರು.

ಈ ದೂರಿನಲ್ಲಿ ನನ್ನ ಪಾಲೂ ಇದೆ. ಆ ದಿನ ನಾನೂ ಎದ್ದು ನಿಂತು, ಪೈಸಾರಿಯ ಸರ್ವೆ ನಂಬರ್ ಇಂಥದ್ದು, ಅದು ದೇವರಕಾಡಿಗೆ ಸೇರಿದ್ದು, ನಿವೇಶನಕ್ಕೆ ಕೊಡಲು ಬರುವುದೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಆ ನಂಬರ್ ನನಗೆ ಬಂದದ್ದು ಹಿಂದಿನ ರಾತ್ರಿಯ ಸಂದೇಶದಿಂದ. ಅದು ತಪ್ಪು ನಂಬರ್ ಎಂದು ಮೂರು ವಾರಗಳ ನಂತರ ನಾಡಕಚೇರಿಯಲ್ಲಿ ಬೇರೊಂದು ಕೆಲಸಕ್ಕೆ ಹೋದಾಗ ನಕ್ಷೆ ನೋಡಿ ತಿಳಿಯಿತು. ತಿಳಿದ ಮೇಲೆ ನಾನೇನು ಮಾಡಿದೆ? ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಸಂಜೆ ಬ್ಯಾಂಕಿನ ಎದುರಿನ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಕೂರುವ ನಾಲ್ವರು ಏನನ್ನುತ್ತಾರೋ ಎಂಬ ಅಳುಕು. ನಾನು ಯಾವ ಪಕ್ಷದ ಸದಸ್ಯನೂ ಅಲ್ಲ, ಆದರೂ ಆ ಬೆಂಚು ನನ್ನದು. ಟ್ಯಾಂಕಿನ ವಿಷಯದಲ್ಲಿ ಮನಸ್ಸು ಬದಲಿಸಿದರೆ ಸೋಲುವುದು ಒಂದು ವಾದ ಮಾತ್ರ. ನಿವೇಶನದ ವಿಷಯದಲ್ಲಿ ಬದಲಿಸಿದರೆ ಕಳೆದುಕೊಳ್ಳುವುದು ಜೊತೆಗಾರರನ್ನು. ಪಕ್ಷಪಾತವೆಂದರೆ ತಿಳಿವಳಿಕೆ ಇಲ್ಲದವರ ಕಾಯಿಲೆ ಎಂದು ಓದಿದವರು ಹೇಳುವುದನ್ನು ಕೇಳುತ್ತಿರುತ್ತೇನೆ. ನನ್ನ ಅನುಭವದಲ್ಲಿ ಅದು ತಿಳಿವಳಿಕೆಗಿಂತ ಹೆಚ್ಚಾಗಿ ಒಡನಾಟದ ವಿಷಯ.

ಇದಕ್ಕೆ ಪುಸ್ತಕದ ಆಧಾರವೂ ಇದೆ. ಆಂಟನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞ 1957ರಲ್ಲಿ ವಾದಿಸಿದ್ದು ಹೀಗೆ: ಒಬ್ಬ ಮತದಾರನ ಒಂದು ಮತದಿಂದ ಫಲಿತಾಂಶ ಬದಲಾಗುವ ಸಂಭವ ಎಷ್ಟು ಸಣ್ಣದೆಂದರೆ, ಆ ಮತವನ್ನು ಸರಿಯಾಗಿ ಹಾಕಲು ಬೇಕಾದ ತಿಳಿವಳಿಕೆಯನ್ನು ಕಷ್ಟಪಟ್ಟು ಸಂಪಾದಿಸುವುದು ಅವನಿಗೆ ನಷ್ಟದ ವ್ಯಾಪಾರ, ಆದ್ದರಿಂದ ಪಕ್ಷದ ಹೆಸರನ್ನೇ ಕೈದೀಪ ಮಾಡಿಕೊಳ್ಳುತ್ತಾನೆ. ಈ ಮಾತು ವಿಧಾನಸಭೆಯ ಚುನಾವಣೆಗೆ ಒಪ್ಪುತ್ತದೆ. ಆದರೆ ನೂರು ಜನರ ಸಭೆಯಲ್ಲಿ ಒಬ್ಬರ ಕೈಗೂ ತೂಕವಿದೆ, ನೀರು ಅವರ ಮನೆಗೇ ಬರಬೇಕು, ವಿಚಾರಿಸಿ ತಿಳಿಯುವ ಖರ್ಚು ನೀರುಗಂಟಿಯನ್ನು ಒಂದು ಪ್ರಶ್ನೆ ಕೇಳುವಷ್ಟೇ. ಗ್ರಾಮಸಭೆಯ ನಿಜವಾದ ಬಲ ಇಲ್ಲಿದೆ. ಇನ್ನೊಂದು ಕಡೆ, ಅಮೆರಿಕದ ಕೊಲರಾಡೊ ರಾಜ್ಯದಲ್ಲಿ 2005ರಲ್ಲಿ ಕ್ಯಾಸ್ ಸನ್‌ಸ್ಟೀನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ನಮ್ಮ ಎರಡು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕನ್ನಡಿ ಹಿಡಿಯುತ್ತದೆ. ಉದಾರವಾದಿಗಳೇ ಹೆಚ್ಚಿರುವ ಬೋಲ್ಡರ್ ಊರಿನವರನ್ನೂ, ಸಂಪ್ರದಾಯವಾದಿಗಳೇ ಹೆಚ್ಚಿರುವ ಕೊಲರಾಡೊ ಸ್ಪ್ರಿಂಗ್ಸ್ ಊರಿನವರನ್ನೂ ತಮ್ಮ ತಮ್ಮ ಊರಿನವರ ಜೊತೆಗೇ ಸಣ್ಣ ಗುಂಪುಗಳಲ್ಲಿ ಕೂರಿಸಿ ಚರ್ಚೆಗೆ ಬಿಟ್ಟರು. ಚರ್ಚೆ ಮುಗಿಯುವ ಹೊತ್ತಿಗೆ ಎರಡೂ ಊರಿನವರು ಮೊದಲಿಗಿಂತ ಇನ್ನಷ್ಟು ದೂರ ಸರಿದಿದ್ದರು, ಗುಂಪಿನೊಳಗೆ ಮೊದಲಿದ್ದ ಸಣ್ಣಪುಟ್ಟ ಭಿನ್ನಾಭಿಪ್ರಾಯವೂ ಕರಗಿತ್ತು. ಚರ್ಚೆ ನಡೆದರೆ ಸಾಕು, ಬುದ್ಧಿ ಬರುತ್ತದೆ ಎಂದು ನಂಬುವವರು ಇದನ್ನು ಗಮನಿಸಬೇಕು. ನಮ್ಮವರ ಜೊತೆಗೇ ಚರ್ಚಿಸಿದರೆ ಬರುವುದು ಧೈರ್ಯ, ಬುದ್ಧಿಯಲ್ಲ.

ಕೊಡಗಿಗೆ ಈ ಬಗೆಯ ಒಡಕು ಹೊಸದಲ್ಲ ಎಂಬುದನ್ನೂ ನೆನೆಯಬೇಕು. ‘ಸಿ’ ವರ್ಗದ ರಾಜ್ಯವಾಗಿದ್ದ ಕೊಡಗಿನ 24 ಸ್ಥಾನಗಳ ವಿಧಾನಸಭೆಗೆ 1952ರಲ್ಲಿ ಚುನಾವಣೆ ನಡೆದಾಗ ಊರೂರಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಮೈಸೂರಿನ ಜೊತೆ ವಿಲೀನವಾಗಬೇಕೇ, ಬೇಡವೇ. ಸಿ.ಎಂ. ಪೂಣಚ್ಚ ಅವರ ಕಾಂಗ್ರೆಸ್ 15 ಸ್ಥಾನ ಗೆದ್ದಿತು. ವಿಲೀನವನ್ನು ವಿರೋಧಿಸಿದ, ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪ ಅವರ ತಕ್ಕಡಿ ಗುರುತಿನ ಬಣಕ್ಕೆ 9 ದಕ್ಕಿತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದೊಳಗೆ ಸೇರಿತು. ನಮ್ಮ ಅಜ್ಜ ತಕ್ಕಡಿಗೆ ಮತ ಹಾಕಿದವರು, ಅವರ ಅಣ್ಣ ಕಾಂಗ್ರೆಸ್ಸಿಗೆ. ಚುನಾವಣೆಯ ಆ ವರ್ಷ ಸುಗ್ಗಿಹಬ್ಬ ಹುತ್ತರಿಗೆ ಇಬ್ಬರೂ ಒಂದೇ ಐನ್‌ಮನೆಯಲ್ಲಿ (ಕುಲದ ಮೂಲಮನೆಯಲ್ಲಿ) ಕದಿರು ತೆಗೆದರು, ಊಟಕ್ಕೂ ಒಟ್ಟಿಗೇ ಕುಳಿತರು, ಆದರೆ ಚುನಾವಣೆಯ ಮಾತು ಎತ್ತಬಾರದೆಂದು ಅಜ್ಜಿ ಮೊದಲೇ ಕಟ್ಟಪ್ಪಣೆ ಮಾಡಿದ್ದರಂತೆ. ಆಗ ಭಿನ್ನಮತೀಯನ ಜೊತೆ ಊಟಕ್ಕೆ ಕೂರದೆ ಗತಿಯಿರಲಿಲ್ಲ. ಈಗ ಗತಿಯಿದೆ: ಗುಂಪಿನಿಂದ ಹೊರಗೆ ಹೋದರಾಯಿತು.

ಮೂರನೆಯ ಸಭೆಗೆ ನನ್ನ ನಿರೀಕ್ಷೆ ಕಡಿಮೆಯಿತ್ತು. ಆದರೆ ಈ ಬಾರಿ ಸಭೆಯ ಉಸ್ತುವಾರಿಗೆ ನೇಮಕವಾಗಿ ಬಂದ ನೋಡಲ್ ಅಧಿಕಾರಿ, ಶಿಕ್ಷಣ ಇಲಾಖೆಯ ಹಿರಿಯ ಮಹಿಳೆ, ಅಧ್ಯಕ್ಷರನ್ನೂ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನೂ ಒಪ್ಪಿಸಿ ಕೆಲವು ಸಣ್ಣ ಬದಲಾವಣೆಗಳನ್ನು ಮಾಡಿದ್ದರು. ಸಭೆ ಭಾನುವಾರ ಮಧ್ಯಾಹ್ನ ಎರಡೂವರೆಗೆ. ನಿವೇಶನದ ಅರ್ಜಿದಾರರ ಪಟ್ಟಿ, ಸರ್ವೆ ನಕ್ಷೆಯ ದೊಡ್ಡ ಪ್ರತಿ, ಒಂದು ವಾರ ಮೊದಲೇ ಪಂಚಾಯಿತಿಯ ಗೋಡೆಯ ಮೇಲೆ. ನಾನು ಹೇಳಿದ್ದ ತಪ್ಪು ನಂಬರ್ ಆ ನಕ್ಷೆಯಲ್ಲಿ ಮೂರು ಬೆರಳು ಆಚೆಗಿತ್ತು. ಅದರ ಎದುರು ನಿಂತಾಗ ನನಗೆ ಕಿವಿ ಬಿಸಿಯಾಯಿತು. ಸಭೆಯಲ್ಲಿ ಮೊದಲ ಅರ್ಧ ಗಂಟೆ ಪ್ರಶ್ನೆ ಮಾತ್ರ ಕೇಳಬಹುದು, ಅಭಿಪ್ರಾಯ ಹೇಳುವಂತಿಲ್ಲ ಎಂದು ಅವರು ಮೊದಲೇ ತಿಳಿಸಿದರು. ಇದು ಮಕ್ಕಳಾಟದಂತೆ ಕಂಡಿತು. ಮೂರು ನಾಲ್ಕು ಮಂದಿ “ಪ್ರಶ್ನೆ ಏನಂದ್ರೆ...” ಎಂದು ಆರಂಭಿಸಿ ಭಾಷಣಕ್ಕೆ ಇಳಿದಾಗ ಆಕೆ ಟೀಚರಮ್ಮನ ದನಿಯಲ್ಲೇ “ಪ್ರಶ್ನೆ ಎಲ್ಲಿ, ಸರ್?” ಎಂದು ತಡೆದರು. ಐದನೆಯವರ ಹೊತ್ತಿಗೆ ಜನಕ್ಕೆ ಅಭ್ಯಾಸವಾಯಿತು. ಅಭಿಪ್ರಾಯಕ್ಕೆ ಬಂದಾಗ ಮೊದಲು ಹೆಂಗಸರು, ಹಾಡಿಯವರು (ಬುಡಕಟ್ಟು ಜನರ ವಸತಿಯವರು), ಸದಸ್ಯರು ಕೊನೆಗೆ. ಮುಖಂಡರು ಮೊದಲು ಮಾತನಾಡಿದರೆ ಉಳಿದವರು ಅವರ ಮುಖ ನೋಡಿಕೊಂಡು ಮಾತನಾಡುತ್ತಾರೆ. ಕೊನೆಗೆ ಮಾತನಾಡಿದರೆ ಅವರೇ ಜನರ ಮುಖ ನೋಡಬೇಕಾಗುತ್ತದೆ.

ಫಲಿತಾಂಶ ಪವಾಡವೇನಲ್ಲ. ಪಟ್ಟಿಯಲ್ಲಿದ್ದ ಇಬ್ಬರಿಗೆ ಬೇರೆ ಪಂಚಾಯಿತಿಯಲ್ಲಿ ಮನೆ ಇರುವುದು ಪ್ರಶ್ನೆಯಿಂದ ಹೊರಬಿತ್ತು, ಆ ಹೆಸರುಗಳನ್ನು ತೆಗೆದರು. ಉಳಿದವರಲ್ಲಿ ಹೆಚ್ಚಿನವರ ಮಕ್ಕಳು ನಮ್ಮದೇ ಶಾಲೆಯಲ್ಲಿ ಓದಿದವರೆಂದು ಆ ಶಾಲೆಯ ಹಳೆಯ ದಾಖಲಾತಿ ಪುಸ್ತಕವೇ ಹೇಳಿತು. ಪೈಸಾರಿಯ ಅಂಚಿನಲ್ಲಿ ಎರಡು ತೋಟಗಳ ಬೇಲಿ ಒಳಕ್ಕೆ ಬಂದಿರುವುದನ್ನು ನಕ್ಷೆಯ ಎದುರು ಯಾರೂ ಅಲ್ಲಗಳೆಯಲಿಲ್ಲ, ಮಾಲೀಕರಲ್ಲೊಬ್ಬರು “ಅಳತೆ ಆಗಲಿ, ಬಿಡ್ತೇನೆ” ಎಂದರು, ಇನ್ನೊಬ್ಬರು ಎದ್ದು ಹೋದರು. ಅಂದರೆ ಎರಡೂ ಕಡೆಯವರ ನಂಬಿಕೆಯಲ್ಲಿ ಸ್ವಲ್ಪ ಸ್ವಲ್ಪ ಸತ್ಯವಿತ್ತು, ಯಾರ ನಂಬಿಕೆಯೂ ಪೂರ್ತಿ ಸರಿಯಾಗಿರಲಿಲ್ಲ. ಪಟ್ಟಿ ಅಂಗೀಕಾರವಾಯಿತು. ಜನ ಕುಳಿತದ್ದು ಮಾತ್ರ ಮೊದಲಿನಂತೆಯೇ, ಬಾಗಿಲ ಎಡಕ್ಕೆ ಒಂದು ಪಕ್ಷ, ಬಲಕ್ಕೆ ಇನ್ನೊಂದು. ಲೋಕಸಭೆಗೆ ಮತ ಹಾಕುವಾಗ ಅವರಲ್ಲಿ ಒಬ್ಬರೂ ಬದಲಾಗಲಾರರು, ಬದಲಾಗಬೇಕೆಂದು ಕೇಳುವುದು ಗ್ರಾಮಸಭೆಯ ಕೆಲಸವೂ ಅಲ್ಲ. ನಾನು ನನ್ನ ನಂಬರ್ ತಪ್ಪಾಗಿತ್ತೆಂದು ಎದ್ದು ಹೇಳಿದೆ. ನಕ್ಷೆ ಗೋಡೆಯ ಮೇಲಿದ್ದಾಗ ಅದನ್ನು ಹೇಳಲು ದೊಡ್ಡ ಧೈರ್ಯವೇನೂ ಬೇಕಿರಲಿಲ್ಲ. ಬೆಂಚಿನ ಗೆಳೆಯರು ಎರಡು ದಿನ ಕಾಲೆಳೆದು ಬಿಟ್ಟರು.

ಇಂಥ ಏರ್ಪಾಡನ್ನು ದೇಶದ ಮಟ್ಟದಲ್ಲೇ ಮಾಡಿ ನೋಡಿದವರಿದ್ದಾರೆ. ಐರ್ಲೆಂಡಿನಲ್ಲಿ 2016ರಿಂದ 2018ರವರೆಗೆ, ಚೀಟಿ ಎತ್ತಿದಂತೆ ಆರಿಸಿದ 99 ಸಾಮಾನ್ಯ ನಾಗರಿಕರನ್ನು ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಮೂರ್ತಿಯ ಅಧ್ಯಕ್ಷತೆಯಲ್ಲಿ ಕೂರಿಸಿ, ಎರಡೂ ಕಡೆಯ ವಾದವನ್ನೂ ತಜ್ಞರನ್ನೂ ಕೇಳಿಸಿ, ಪಕ್ಷಗಳು ಮುಟ್ಟಲು ಹೆದರುತ್ತಿದ್ದ ಗರ್ಭಪಾತದ ಪ್ರಶ್ನೆಯನ್ನು ಅವರ ಮುಂದಿಟ್ಟರು. ಅವರ ಶಿಫಾರಸಿನ ನಂತರ 2018ರ ಮೇ ತಿಂಗಳಲ್ಲಿ ನಡೆದ ಜನಮತಗಣನೆಯಲ್ಲಿ ಶೇಕಡ 66.4 ಮಂದಿ ನಿಷೇಧದ ತಿದ್ದುಪಡಿಯನ್ನು ತೆಗೆಯಲು ಒಪ್ಪಿದರು. ನಮ್ಮ ಪಕ್ಕದ ಸಾಕ್ಷ್ಯವೂ ಇದೆ. ಟಿಮೊತಿ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಅವರು ದಕ್ಷಿಣದ ನಾಲ್ಕು ರಾಜ್ಯಗಳ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಗ್ರಾಮಸಭೆ ನಡೆದ ಊರುಗಳಲ್ಲಿ ಬಿಪಿಎಲ್ ಕಾರ್ಡು ಭೂಮಿಯಿಲ್ಲದವರಿಗೆ, ಅಕ್ಷರ ಬಾರದವರಿಗೆ ತಲುಪುವ ಸಂಭವ ಹೆಚ್ಚಿತ್ತು. ಸಭೆಯಲ್ಲಿ ಏನೂ ಆಗುವುದಿಲ್ಲ, ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ ಎಂದು ಕ್ಯಾಂಟೀನಿನಲ್ಲಿ ಕೂರುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ. ಅವರು ಕೇಳುತ್ತಾರೆಂದು ಹೇಳಲಾರೆ.

ಸೇವೆಯ ಅತ್ಯಂತ ದುರ್ಬಲ ಅಂಗ ನಡಾವಳಿ ಪುಸ್ತಕ. ಎರಡನೆಯ ಸಭೆಯಲ್ಲಿ ಹಾಡಿಯಿಂದ ಬಂದಿದ್ದ ಯರವ ಸಮುದಾಯದ ಅಜ್ಜಿಯೊಬ್ಬರು ತಮ್ಮ ಭಾಷೆಯಲ್ಲೇ ನಾಲ್ಕು ನಿಮಿಷ ಮಾತನಾಡಿದ್ದರು. ನಲ್ಲಿ ಹಾಕಿದ್ದಾರೆ, ನೀರು ಬರುವುದಿಲ್ಲ. ತೋಡಿಗೆ ಹೋಗುವ ದಾರಿಯಲ್ಲಿ ಸಂಜೆ ಆನೆ ನಿಂತಿರುತ್ತದೆ. ಮೊಮ್ಮಗಳನ್ನು ನೀರಿಗೆ ಕಳುಹಿಸಲು ಭಯ. ಹೋದ ಬೇಸಿಗೆಯಲ್ಲಿ ಮೂರು ದಿನ, ಮಳೆಗಾಲದಲ್ಲಿ ಕೂಡಿಟ್ಟ ಡ್ರಮ್ಮಿನ ಕೆಸರು ನೀರನ್ನೇ ಸೋಸಿ ಕುಡಿದೆವು. ಅವರ ಪಕ್ಕದಲ್ಲಿದ್ದ ಸದಸ್ಯರು ಇದನ್ನು ಕನ್ನಡಕ್ಕೆ ತಂದರು: “ನೀರಿನ ತೊಂದರೆ ಇದೆಯಂತೆ.” ಪುಸ್ತಕದಲ್ಲಿ ಬಿದ್ದದ್ದು ಇನ್ನೂ ಚಿಕ್ಕದು: ‘ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು.’ ಆನೆ, ಮೊಮ್ಮಗಳು, ಡ್ರಮ್ಮು ಎಲ್ಲವೂ ‘ಬಗ್ಗೆ’ ಎಂಬ ಎರಡಕ್ಷರದಲ್ಲಿ ಮುಳುಗಿದವು. ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಓದುವಾಗ ಆ ಸಾಲಿನ ಎದುರು ‘ಕ್ರಮ ಕೈಗೊಳ್ಳಲಾಗಿದೆ’ ಎಂದಿತ್ತು. ಏನು ಕ್ರಮ ಎಂದು ಕೇಳಲು ಅಜ್ಜಿ ಆ ದಿನ ಬಂದಿರಲಿಲ್ಲ. ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ, ತುಳು ಎಲ್ಲ ಒಂದೇ ಛಾವಣಿಯಡಿ ಕೇಳಿಸುವ ಜಿಲ್ಲೆಯಲ್ಲಿ ಭಾಷೆ ಬಲ್ಲ ಒಬ್ಬರನ್ನು ಪುಸ್ತಕದ ಪಕ್ಕ ಕೂರಿಸುವುದು ದುಬಾರಿ ಸೌಲಭ್ಯವಲ್ಲ. ಮತ ಎಣಿಸುವುದರಲ್ಲಿ ನಾವು ತೋರಿಸುವ ಎಚ್ಚರದ ಹತ್ತನೆಯ ಒಂದು ಪಾಲನ್ನು ಮಾತು ಬರೆದುಕೊಳ್ಳುವುದರಲ್ಲಿ ತೋರಿಸಿದರೆ ನನ್ನ ಮೂರೂವರೆ ನಕ್ಷತ್ರ ನಾಲ್ಕಾಗುತ್ತಿತ್ತು.

ಹೋಗಬಯಸುವವರಿಗೆ ಬಳಕೆಯ ಒಂದೆರಡು ಮಾತು. ಗ್ರಾಮಸಭೆಗಿಂತ ಮೊದಲು ನಡೆಯುವ ವಾರ್ಡ್ ಸಭೆಯನ್ನು ಬಿಡಬೇಡಿ. ಫಲಾನುಭವಿಗಳ ಪಟ್ಟಿ ಹುಟ್ಟುವುದು ಅಲ್ಲಿ, ಗ್ರಾಮಸಭೆಗೆ ಬರುವ ಹೊತ್ತಿಗೆ ಅದಕ್ಕೆ ಹಲ್ಲು ಬಂದಿರುತ್ತದೆ. ನಿಮ್ಮ ಬೇಡಿಕೆಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಗುಂಪಿನವರ ಜೊತೆ ಕೂರಬೇಡಿ ಎಂದು ಹೇಳುವ ಅಧಿಕಾರ ನನಗಿಲ್ಲ, ಆದರೆ ನಾಲ್ಕನೆಯ ಸಭೆಯಲ್ಲಿ ನಾನು ಬೇಕೆಂದೇ ಬಾಗಿಲ ಬಲಕ್ಕೆ ಹೋಗಿ ಕುಳಿತೆ. ಪಕ್ಕದವರು ಮೊದಲು ಕುರ್ಚಿ ಸರಿಸಿಕೊಂಡರು, ಆಮೇಲೆ ಕಾಳುಮೆಣಸಿನ ರೇಟು ಕೇಳಿದರು. ಉಪ್ಪಿಟ್ಟು ಸಾಧಾರಣ, ಕಾಫಿ ಮಾತ್ರ ಕಾಫಿ ಬೆಳೆಯುವ ಊರಿಗೆ ಅವಮಾನ.

ಆ ನಾಲ್ಕನೆಯ ಸಭೆಗೆ ಅಜ್ಜಿ ಮತ್ತೆ ಬಂದಿದ್ದರು, ಜೊತೆಗೆ ಹತ್ತನೇ ತರಗತಿ ಓದುವ ಮೊಮ್ಮಗಳು. ಕಾರ್ಯದರ್ಶಿ ಹಿಂದಿನ ನಡಾವಳಿಗಳನ್ನು ಓದುತ್ತ ಆ ಸಾಲಿಗೆ ಬಂದಾಗ ಹುಡುಗಿ ಎದ್ದು, “ಸರ್, ನಮ್ಮಜ್ಜಿ ಹೇಳಿದ್ದು ಅಷ್ಟೇ ಅಲ್ಲ” ಎಂದಳು. ಕಾರ್ಯದರ್ಶಿ ಪಿಡಿಒ ಮುಖ ನೋಡಿದರು, ಪಿಡಿಒ ಅಧ್ಯಕ್ಷರ ಮುಖ ನೋಡಿದರು. “ಹಾಗಾದ್ರೆ ಹೇಳಮ್ಮ, ಬರ್ಕೊಳ್ತಾರೆ” ಎಂದರು ಅಧ್ಯಕ್ಷರು. ಹುಡುಗಿ ನಿಧಾನವಾಗಿ, ಕಾಪಿ ಬರೆಸುವವಳಂತೆ ಹೇಳಿದಳು, ಕಾರ್ಯದರ್ಶಿ ಬರೆದುಕೊಂಡರು. ಸಭೆ ಮುಗಿದ ಮೇಲೆ ನಾನು ಪುಸ್ತಕ ಇಣುಕಿ ನೋಡಿದೆ. ಏಳು ಸಾಲು. ಆನೆ ಇತ್ತು, ಡ್ರಮ್ಮು ಇತ್ತು, ಹಾಡಿಯ ಹೆಸರಿನ ಕಾಗುಣಿತ ತಪ್ಪಿತ್ತು.